ಜನಾಭಿಪ್ರಾಯ ಮತ್ತು ನ್ಯಾಯನಿರ್ಣಯ

"ಬೆಂಕಿಯಿಲ್ಲದೆ ಹೊಗೆಯಾಡೀತೇ?" ಎಂಬುದು ಜನರ ನಾಲಗೆಯ ಮೇಲೆ ಸದಾ ಸುಳಿಯುವ ಮಾತು. ಒಬ್ಬನ ಮೇಲೆ ಅಪರಾಧದ ಆರೋಪ ಬಂದಿತೆಂದರೆ ಸಾಕು, ಈ ಒಂದು ಗಾದೆಯನ್ನೇ ಸಾಕ್ಷಿಯಾಗಿ ನಿಲ್ಲಿಸಿಕೊಂಡು ಲೋಕವು ತನ್ನ ತೀರ್ಪನ್ನು ಹೇಳಿಬಿಡುತ್ತದೆ. ತರ್ಕಶಾಸ್ತ್ರದ ಪರಿಚಯವುಳ್ಳವರಿಗೆ ಹೊಗೆ ಬೆಂಕಿಗಳ ಈ ದೃಷ್ಟಾಂತ ಹೊಸದೇನಲ್ಲ. ಪರ್ವತದಲ್ಲಿ ಹೊಗೆ ಕಾಣುತ್ತಿದೆ, ಆದುದರಿಂದ ಅಲ್ಲಿ ಬೆಂಕಿಯಿದೆ ಎಂಬುದು ಅನುಮಾನ ಪ್ರಮಾಣದ ಮೊದಲನೆಯ ಪಾಠ. ಆದರೆ ಅದೇ ಶಾಸ್ತ್ರವು ಆ ಪಾಠದ ಬೆನ್ನಿಗೇ ಒಂದು ಎಚ್ಚರಿಕೆಯನ್ನೂ ಹೇಳುತ್ತದೆ. ದೂರದಲ್ಲಿ ನಿಂತು ನೋಡುವವನಿಗೆ ಮಂಜು ಕೂಡ ಹೊಗೆಯಂತೆಯೇ ತೋರುತ್ತದೆ. ಮಂಜನ್ನು ಹೊಗೆಯೆಂದು ಬಗೆದು ಬೆಂಕಿಯನ್ನು ಊಹಿಸಿದರೆ ಅದು ಅನುಮಾನವಲ್ಲ, ಹೇತ್ವಾಭಾಸ. ಗಾದೆಯು ಮೊದಲನೆಯ ಮಾತನ್ನು ನೆನಪಿನಲ್ಲಿಟ್ಟುಕೊಂಡು ಎರಡನೆಯದನ್ನು ಮರೆತಿದೆ. ನ್ಯಾಯಸ್ಥಾನದ ಕಟಕಟೆಯಲ್ಲಿ ನಿಂತ ಆಪಾದಿತನ ವಿಷಯದಲ್ಲಿ ಜನಾಭಿಪ್ರಾಯವು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ಈ ಎಡವುವಿಕೆಯ ಸ್ವರೂಪವನ್ನು ಎರಡು ಪ್ರಸಿದ್ಧ ಮೊಕದ್ದಮೆಗಳ ಆಧಾರದಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವ್ಯವಹಾರದ ನಾಲ್ಕು ಪಾದಗಳು

ನ್ಯಾಯವಿಚಾರಣೆಗೆ ನಮ್ಮ ಪ್ರಾಚೀನರು 'ವ್ಯವಹಾರ'ವೆಂದು ಹೆಸರಿಟ್ಟಿದ್ದರು. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಒಂದು ಅಧ್ಯಾಯವೇ ಇದಕ್ಕೆ ಮೀಸಲಾಗಿದೆ. ಆ ಸ್ಮೃತಿಗೆ 'ಮಿತಾಕ್ಷರಾ' ಎಂಬ ಜಗದ್ವಿಖ್ಯಾತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಆ ಶಾಸ್ತ್ರದ ಪ್ರಕಾರ ವ್ಯವಹಾರಕ್ಕೆ ನಾಲ್ಕು ಪಾದಗಳು. ವಾದಿಯು ಕೊಡುವ ದೂರು ಮೊದಲನೆಯದು, ಪ್ರತಿವಾದಿಯ ಉತ್ತರ ಎರಡನೆಯದು, ಸಾಕ್ಷ್ಯ ಪ್ರಮಾಣಗಳ ಪರಿಶೀಲನೆ ಮೂರನೆಯದು, ನಿರ್ಣಯ ನಾಲ್ಕನೆಯದು. ಲಿಖಿತ, ಭುಕ್ತಿ, ಸಾಕ್ಷಿ ಎಂಬಿವು ಅಲ್ಲಿ ಹೇಳಿರುವ ಮಾನುಷ ಪ್ರಮಾಣಗಳು. 'ಊರೆಲ್ಲ ಹೀಗೆ ಹೇಳುತ್ತಿದೆ' ಎಂಬುದು ಈ ಪಟ್ಟಿಯಲ್ಲಿ ಸೇರಿಲ್ಲ.

ಲೋಕದ ತೀರ್ಪಾದರೋ ಮೊದಲನೆಯ ಪಾದದಿಂದ ನೇರವಾಗಿ ನಾಲ್ಕನೆಯ ಪಾದಕ್ಕೆ ನೆಗೆಯುತ್ತದೆ. ದೂರು ಬಂದುದೇ ತಡ, ನಿರ್ಣಯವೂ ಆಗಿಹೋಗುತ್ತದೆ. ಉತ್ತರವನ್ನು ಕೇಳುವ ತಾಳ್ಮೆಯಾಗಲಿ ಪ್ರಮಾಣವನ್ನು ಪರೀಕ್ಷಿಸುವ ಶ್ರಮವಾಗಲಿ ಅದಕ್ಕೆ ಬೇಕಿಲ್ಲ. ಹೀಗೆ ನಡುವಣ ಎರಡು ಪಾದಗಳು ಬಿಟ್ಟುಹೋದಾಗ ಒಂದು ನಿರಪರಾಧಿ ಜೀವಕ್ಕೆ ಏನಾಗುತ್ತದೆಂಬುದಕ್ಕೆ ಆಸ್ಟ್ರೇಲಿಯಾ ದೇಶದಲ್ಲಿ ನಡೆದ ಚೇಂಬರ್ಲೇನ್ ಮೊಕದ್ದಮೆಯೇ ಸಾಕ್ಷಿ.

ಮರುಭೂಮಿಯ ರಾತ್ರಿ

ಆಸ್ಟ್ರೇಲಿಯಾದ ನಡುಭಾಗದಲ್ಲಿ, ಕೆಂಪು ಮರಳಿನ ವಿಶಾಲ ಬಯಲಿನಲ್ಲಿ, ಉಲೂರು ಎಂಬ ಏಕಶಿಲಾ ಪರ್ವತವಿದೆ. 1980ನೆಯ ಇಸವಿ ಆಗಸ್ಟ್ 17ರ ರಾತ್ರಿ ಆ ಪರ್ವತದ ಸಮೀಪದ ಬಿಡಾರದಲ್ಲಿ ಹಲವು ಪ್ರವಾಸಿ ಕುಟುಂಬಗಳು ಡೇರೆ ಹೂಡಿದ್ದವು. ಕ್ರೈಸ್ತಮತದ ಒಂದು ಸಣ್ಣ ಪಂಗಡದಲ್ಲಿ ಪಾದ್ರಿಯಾಗಿದ್ದ ಮೈಕೇಲ್ ಚೇಂಬರ್ಲೇನ್, ಆತನ ಮಡದಿ ಲಿಂಡಿ, ಅವರ ಇಬ್ಬರು ಗಂಡುಮಕ್ಕಳು ಮತ್ತು ಒಂಬತ್ತು ವಾರದ ಹೆಣ್ಣುಕೂಸು ಅಜಾರಿಯಾ ಅವರಲ್ಲಿ ಸೇರಿದ್ದರು. ಕೂಸನ್ನು ಡೇರೆಯಲ್ಲಿ ಮಲಗಿಸಿ ಅಡುಗೆಯ ಬೆಂಕಿಯ ಬಳಿಗೆ ಬಂದಿದ್ದ ತಾಯಿ, ಸ್ವಲ್ಪ ಹೊತ್ತಿನ ಬಳಿಕ ಅತ್ತ ಓಡಿ, ಡಿಂಗೊ ತನ್ನ ಮಗುವನ್ನು ಹೊತ್ತೊಯ್ದಿತೆಂದು ಕೂಗಿಕೊಂಡಳು. ಡಿಂಗೊ ಎಂಬುದು ಆ ದೇಶದ ಕಾಡುನಾಯಿ. ನೂರಾರು ಜನ ರಾತ್ರಿಯೆಲ್ಲ ಹುಡುಕಿದರೂ ಮಗು ಸಿಕ್ಕಲಿಲ್ಲ. ಒಂದು ವಾರದ ಮೇಲೆ ಅದರ ಬಟ್ಟೆಗಳು ಮಾತ್ರ ಸಿಕ್ಕವು. ಮೈಮೇಲಿನ ಹೊರ ಅಂಗಿಯೊಂದು ಆಗ ಸಿಕ್ಕಿರಲಿಲ್ಲ.

ಅಸಹಜ ಮರಣಗಳನ್ನು ವಿಚಾರಿಸುವ ಕೊರೋನರ್ ಎಂಬ ಅಧಿಕಾರಿಯು 1981ರ ಫೆಬ್ರವರಿಯಲ್ಲಿ ತಾಯಿಯ ಮಾತು ನಿಜವೆಂದೇ ನಿರ್ಣಯಿಸಿದನು. ಅಷ್ಟರಲ್ಲಾಗಲೇ ದೇಶದ ತುಂಬ ಹಬ್ಬಿದ್ದ ಗಾಳಿಮಾತುಗಳಿಗೆ ತೆರೆಯೆಳೆಯಬೇಕೆಂದು ತನ್ನ ತೀರ್ಮಾನವನ್ನು ದೂರದರ್ಶನದಲ್ಲಿ ಎಲ್ಲರೂ ಕೇಳುವಂತೆ ಓದಿ ಹೇಳಿದನು. ಆದರೆ ತೆರೆ ಬೀಳಲಿಲ್ಲ. ಮತ್ತೆ ತನಿಖೆ ನಡೆಯಿತು, ಮೊದಲಿನ ನಿರ್ಣಯ ರದ್ದಾಯಿತು, ಎರಡನೆಯ ವಿಚಾರಣೆಯಾಯಿತು, ತಾಯಿಯೇ ಮಗುವನ್ನು ಕಾರಿನಲ್ಲಿ ಕೊಂದಳೆಂದು ಆರೋಪ ಹೊರಿಸಲಾಯಿತು. 1982ರ ಅಕ್ಟೋಬರ್ 29ರಂದು ಡಾರ್ವಿನ್ ನಗರದ ನ್ಯಾಯಾಲಯದಲ್ಲಿ ಜ್ಯೂರಿಯು ಆಕೆಯನ್ನು ಅಪರಾಧಿಯೆಂದು ಸಾರಿತು. ತುಂಬು ಗರ್ಭಿಣಿಯಾಗಿದ್ದ ಆಕೆಗೆ ಜೀವಾವಧಿ ಶಿಕ್ಷೆಯಾಯಿತು; ಪತಿಗೆ ಅಪರಾಧವನ್ನು ಮುಚ್ಚಿಟ್ಟನೆಂದು ಅಮಾನತಿನ ಶಿಕ್ಷೆಯಾಯಿತು.

ಲೋಕವು ಯಾವುದನ್ನು ಪ್ರಮಾಣವೆಂದು ಹಿಡಿಯಿತು?

ಆ ತಾಯಿಯನ್ನು ಜನರು ಯಾವ ಆಧಾರದ ಮೇಲೆ ಅಪರಾಧಿಯೆಂದು ನಂಬಿದರೆಂಬುದು ವಿಚಾರಯೋಗ್ಯ. ಮೊದಲನೆಯದಾಗಿ, ಆಕೆ ದೂರದರ್ಶನದಲ್ಲಿ ಲೋಕ ಬಯಸಿದಷ್ಟು ಅಳಲಿಲ್ಲ. ಮಗುವಿನ ಮರಣದ ವಿವರಗಳನ್ನು ಸಮಚಿತ್ತದಿಂದ ಹೇಳಿದಳು. ಅಳದಿದ್ದರೆ ಕಲ್ಲೆದೆ, ಅತ್ತರೆ ನಟನೆ. ಎರಡರಲ್ಲಿ ಯಾವುದನ್ನು ಮಾಡಿದರೂ ತಪ್ಪೇ. ಎರಡನೆಯದಾಗಿ, ಆಕೆ ಕೂಸಿಗೆ ಕಪ್ಪು ಉಡುಗೆಯನ್ನು ತೊಡಿಸುತ್ತಿದ್ದಳೆಂಬ ಸುದ್ದಿ. ಮೂರನೆಯದಾಗಿ, 'ಅಜಾರಿಯಾ' ಎಂಬ ಹೆಸರಿಗೆ 'ಅರಣ್ಯದಲ್ಲಿ ಕೊಡುವ ಬಲಿ' ಎಂದು ಅರ್ಥವಿದೆಯೆಂಬ ವದಂತಿ. ಆ ಹೆಸರಿನ ಮೂಲವಾದ ಹೀಬ್ರೂ ಮಾತಿನಲ್ಲಿ 'ದೇವರ ನೆರವು' ಎಂಬ ಅರ್ಥವಿರುವುದೇ ಹೊರತು ಬಲಿಯ ಸೋಂಕೂ ಇಲ್ಲ. ಒಂದು ನಿಘಂಟನ್ನು ತೆರೆದು ನೋಡಿದ್ದರೆ ಅಳಿದುಹೋಗಬಹುದಾಗಿದ್ದ ಸುಳ್ಳು ದೇಶವನ್ನೆಲ್ಲ ಸುತ್ತಿತು. ಶಬ್ದಾರ್ಥವನ್ನು ಪರೀಕ್ಷಿಸದೆ ಮಾತನಾಡುವುದು ಬರಿಯ ವ್ಯಾಕರಣದೋಷವಾಗಿ ಉಳಿಯುವುದಿಲ್ಲ, ಒಮ್ಮೊಮ್ಮೆ ಮಹಾಪಾತಕವೂ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ನಾಲ್ಕನೆಯದಾಗಿ, ಆ ಕುಟುಂಬದ ಮತಪಂಗಡ ಬಹುಜನರಿಗೆ ಅಪರಿಚಿತವಾಗಿತ್ತು. ಅಪರಿಚಿತವಾದುದು ಭಯಂಕರವೂ ಇರಬೇಕೆಂದು ಲೋಕ ಊಹಿಸಿತು.

ಇಷ್ಟರಲ್ಲಿ ಯಾವುದೊಂದೂ ಕೃತ್ಯಕ್ಕೆ ಸಂಬಂಧಿಸಿದ್ದಲ್ಲವೆಂಬುದನ್ನು ಗಮನಿಸಬೇಕು. ಮುಖ, ಉಡುಗೆ, ಹೆಸರು, ಮತ ಇವೆಲ್ಲ ವ್ಯಕ್ತಿಗೆ ಸಂಬಂಧಿಸಿದವು. ನ್ಯಾಯಸ್ಥಾನವು 'ಈ ಕೃತ್ಯವನ್ನು ಈಕೆ ಮಾಡಿದಳೇ?' ಎಂದು ಕೇಳಬೇಕು. ಲೋಕವಾದರೋ 'ಈಕೆ ಎಂಥವಳು?' ಎಂದು ಕೇಳಿ, ಅದಕ್ಕೆ ಬಂದ ಉತ್ತರವನ್ನೇ ಮೊದಲಿನ ಪ್ರಶ್ನೆಗೂ ಉತ್ತರವೆಂದು ಭಾವಿಸುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತಲೂ ಮನನೀಯವಾದುದು. ಆ ರಾತ್ರಿ ಬಿಡಾರದಲ್ಲಿದ್ದು ತಾಯಿಯ ಸಂಕಟವನ್ನು ಕಣ್ಣಾರೆ ಕಂಡವರು ಆಕೆಯ ಮಾತನ್ನು ನಂಬಿದ್ದರು. ಆಕೆ ಡೇರೆಯಿಂದ ಬೆಂಕಿಯ ಬಳಿಗೆ ಮರಳಿದ ಮೇಲೂ ಕೂಸಿನ ದನಿ ಕೇಳಿಸಿತೆಂದು ಅವರಲ್ಲಿ ಒಬ್ಬರು ಸಾಕ್ಷ್ಯ ನುಡಿದರು. ಸರಕಾರದ ವಾದದಂತೆ ಆ ಹೊತ್ತಿಗೆ ಮಗು ಸತ್ತಿರಬೇಕಾಗಿತ್ತು. ಆ ನೆಲದ ಮೂಲನಿವಾಸಿಗಳಾದ ಹೆಜ್ಜೆಗಾರರು ಮರಳಿನಲ್ಲಿ ಡಿಂಗೊ ನಡೆದ ಗುರುತನ್ನು ಕಂಡಿದ್ದರು. ಹತ್ತಿರವಿದ್ದವರು ಮಂಜನ್ನು ಮಂಜೆಂದೇ ಅರಿತಿದ್ದರು. ಸಾವಿರಾರು ಮೈಲಿ ದೂರದ ನಗರಗಳಲ್ಲಿ ಕುಳಿತವರಿಗೆ ಮಾತ್ರ ಅದು ಹೊಗೆಯಾಗಿ ತೋರಿತು. ಖಚಿತತೆಯು ದೂರದೊಡನೆ ಹೆಚ್ಚುತ್ತ ಹೋದುದು ಈ ಪ್ರಕರಣದ ವೈಚಿತ್ರ್ಯ.

ಸತ್ಯವು ಬೆಳಕಿಗೆ ಬಂದ ಬಗೆ

ಜನಾಭಿಪ್ರಾಯವೊಂದೇ ಆಕೆಯನ್ನು ಸೆರೆಗೆ ನೂಕಿತೆಂದರೆ ಅರ್ಧಸತ್ಯವಾದೀತು. ವಿಜ್ಞಾನದ ಹೆಸರಿನಲ್ಲಿಯೂ ಸಾಕ್ಷ್ಯ ಬಂದಿತ್ತು. ಕಾರಿನಲ್ಲಿ ಎಳೆಗೂಸಿನ ರಕ್ತ ಸಿಂಪಡಿಸಿದಂತೆ ಬಿದ್ದಿತ್ತೆಂದೂ, ಬಟ್ಟೆಯ ಹರಿತ ಕತ್ತರಿಯದೆಂದೂ ತಜ್ಞರು ಹೇಳಿದ್ದರು. ಹೊರ ಅಂಗಿ ಇತ್ತೆಂಬ ತಾಯಿಯ ಮಾತನ್ನು ಕಟ್ಟುಕಥೆಯೆಂದು ತಳ್ಳಿಹಾಕಲಾಯಿತು. ವಿಚಾರಣೆ ನಡೆಸಿದ ನ್ಯಾಯಾಧೀಶನು ಜ್ಯೂರಿಗೆ ಮಾಡಿದ ಉಪಸಂಹಾರ ಬಹುಮಟ್ಟಿಗೆ ಆಪಾದಿತರ ಪರವಾಗಿಯೇ ಇತ್ತು. ಆದರೂ ಎರಡು ವರ್ಷಗಳ ಗಾಳಿಮಾತನ್ನು ಉಸಿರಾಡಿದ್ದ ಸಮಾಜದಿಂದಲೇ ಜ್ಯೂರಿಯ ಸದಸ್ಯರು ಬಂದಿದ್ದರೆಂಬುದನ್ನು ಮರೆಯಲಾಗದು. 1984ರಲ್ಲಿ ಆ ದೇಶದ ಅತ್ಯುಚ್ಚ ನ್ಯಾಯಾಲಯವೂ ಮೂವರಿಗೆ ಇಬ್ಬರಂತೆ ಮೇಲ್ಮನವಿಯನ್ನು ತಿರಸ್ಕರಿಸಿತು.

1986ರ ಆರಂಭದಲ್ಲಿ ಉಲೂರು ಪರ್ವತವನ್ನೇರುತ್ತ ಬಿದ್ದು ಸತ್ತ ಪ್ರವಾಸಿಯೊಬ್ಬನ ದೇಹವನ್ನು ಹುಡುಕುತ್ತಿದ್ದಾಗ, ಡಿಂಗೊಗಳು ವಾಸಿಸುವ ಎಡೆಯಲ್ಲಿ ಮಗುವಿನ ಆ ಹೊರ ಅಂಗಿ ದೊರೆಯಿತು! ಫೆಬ್ರವರಿ 7ರಂದು ತಾಯಿಯ ಬಿಡುಗಡೆಯಾಯಿತು. ನ್ಯಾಯಮೂರ್ತಿ ಮೋರ್ಲಿಂಗ್ ಅವರ ವಿಚಾರಣಾ ಆಯೋಗವು 1987ರಲ್ಲಿ ವರದಿಯನ್ನೊಪ್ಪಿಸಿತು. ಕಾರಿನಲ್ಲಿ ರಕ್ತವೆಂದು ಹೇಳಿದ್ದ ತುಂತುರು, ಕಾರು ತಯಾರಾಗುವಾಗಲೇ ಸದ್ದಡಗಿಸಲೆಂದು ಸಿಂಪಡಿಸಿದ ಪದಾರ್ಥವೆಂದು ಕಂಡುಬಂದಿತು. ಡಿಂಗೊವಿನ ಹಲ್ಲಿನಿಂದಲೂ ಬಟ್ಟೆ ಕತ್ತರಿಸಿದಂತೆ ಹರಿಯಬಹುದೆಂದು ತಿಳಿದುಬಂದಿತು. 1988ರ ಸೆಪ್ಟೆಂಬರಿನಲ್ಲಿ ಶಿಕ್ಷೆಗಳು ರದ್ದಾದವು. 1992ರಲ್ಲಿ ಪರಿಹಾರಧನ ಸಂದಿತು. ಆದರೂ ಮಗುವಿನ ಮರಣಕ್ಕೆ ಡಿಂಗೊವೇ ಕಾರಣವೆಂದು ಸರಕಾರಿ ದಾಖಲೆಯಲ್ಲಿ ಬರೆಸಿಕೊಳ್ಳಲು ಆ ತಾಯಿ 2012ರ ಜೂನ್ 12ರವರೆಗೆ ಕಾಯಬೇಕಾಯಿತು. ಮೊದಲನೆಯ ಕೊರೋನರ್ ಹೇಳಿದ್ದ ಸತ್ಯಕ್ಕೆ ಮರಳಿ ಬರಲು ಮೂವತ್ತೊಂದು ವರ್ಷಗಳು ಹಿಡಿದವು. ಸೆರೆಮನೆಯ ಬಾಗಿಲನ್ನು ಒಂದು ಆಜ್ಞೆಯಿಂದ ತೆರೆಯಬಹುದು. ಜನರ ಮನಸ್ಸಿನಲ್ಲಿ ಬಿದ್ದ ಬೀಗವನ್ನು ಹಾಗೆ ತೆರೆಯಲು ಬರುವುದಿಲ್ಲ.

ಮರುಕದ ಅವಿಚಾರ

ಜನಾಭಿಪ್ರಾಯವು ಆಪಾದಿತನ ವಿರುದ್ಧವಾಗಿದ್ದಾಗ ಮಾತ್ರ ಅಪಾಯಕಾರಿಯೆಂದು ಭಾವಿಸಲಾಗದು. ಆಪಾದಿತನ ಪರವಾಗಿ ನಿಂತಾಗಲೂ ಅದು ನ್ಯಾಯವನ್ನು ಕದಡಬಲ್ಲದು. ಇದಕ್ಕೆ ನಮ್ಮ ದೇಶದ ನಾನಾವತಿ ಮೊಕದ್ದಮೆ ಉದಾಹರಣೆ. 'ಮೈಸೂರು' ಎಂಬ ಯುದ್ಧನೌಕೆಯಲ್ಲಿ ಎರಡನೆಯ ಅಧಿಕಾರಿಯಾಗಿದ್ದ ಕಮಾಂಡರ್ ನಾನಾವತಿ, ತನ್ನ ಪತ್ನಿಯ ಅನ್ಯಾಸಕ್ತಿಯನ್ನು ಆಕೆಯ ಬಾಯಿಂದಲೇ ಕೇಳಿ, 1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ಪ್ರೇಮ್ ಅಹುಜಾ ಎಂಬವನ ಮನೆಗೆ ಹೋದನು. ಅಲ್ಲಿ ಹಾರಿದ ಗುಂಡುಗಳಿಂದ ಅಹುಜಾ ಮೃತನಾದನು. ಹೆಂಡತಿ ಮಕ್ಕಳನ್ನು ಸಿನಿಮಾ ಮಂದಿರದಲ್ಲಿ ಬಿಟ್ಟು, ಸುಳ್ಳು ಕಾರಣ ಹೇಳಿ ನೌಕೆಯಿಂದ ರಿವಾಲ್ವರನ್ನು ಪಡೆದು ಹೋದುದರಿಂದ ಇದು ಯೋಚಿಸಿ ಮಾಡಿದ ಕೊಲೆಯೆಂಬುದು ಸರಕಾರದ ವಾದ. ಜಗ್ಗಾಟದಲ್ಲಿ ಆಕಸ್ಮಿಕವಾಗಿ ಗುಂಡು ಹಾರಿತೆಂಬುದು ಆಪಾದಿತನ ವಾದ. ಸ್ನಾನ ಮುಗಿಸಿ ಬಂದಿದ್ದ ಅಹುಜಾನ ಸೊಂಟದ ಟವೆಲು ಬಿದ್ದಿರಲಿಲ್ಲ. ಜಗ್ಗಾಟ ನಡೆದುದಾದರೆ ಅದು ನಿಂತೀತೇ ಎಂಬ ಪ್ರಶ್ನೆಯೊಂದು ಉಳಿಯಿತು.

ಮುಂಬಯಿಯ ಜನಕ್ಕೆ ಟವೆಲಿನ ಪ್ರಶ್ನೆ ಬೇಕಿರಲಿಲ್ಲ. ನೌಕಾಪಡೆಯ ಬಿಳಿಯ ಸಮವಸ್ತ್ರದಲ್ಲಿ ನಿಂತ ನೀಳಕಾಯದ ಅಧಿಕಾರಿ ಅವರ ಕಣ್ಣಿಗೆ ವೀರನಾಗಿ ಕಂಡನು. 'ಬ್ಲಿಟ್ಸ್' ವಾರಪತ್ರಿಕೆಯು ಅವನ ಪಕ್ಷ ವಹಿಸಿ ವಾರವಾರವೂ ಬರೆಯಿತು. ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಜನ ಅವನು ನಿರ್ದೋಷಿಯೆಂದರು. ಸೆಷನ್ಸ್ ನ್ಯಾಯಾಧೀಶರು ಆ ತೀರ್ಪನ್ನು ಒಪ್ಪದೆ ಮೊಕದ್ದಮೆಯನ್ನು ಉಚ್ಚ ನ್ಯಾಯಾಲಯಕ್ಕೆ ಕಳುಹಿಸಿದರು. 1960ರಲ್ಲಿ ಅಲ್ಲಿ ಜೀವಾವಧಿ ಶಿಕ್ಷೆಯಾಯಿತು. 1961ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಎತ್ತಿಹಿಡಿಯಿತು. 1964ರಲ್ಲಿ ರಾಜ್ಯಪಾಲರ ಕ್ಷಮಾದಾನದಿಂದ ನಾನಾವತಿಯ ಬಿಡುಗಡೆಯಾಯಿತು.

ಅಲ್ಲಿ ಕೂಸಿನ ಕಪ್ಪು ಉಡುಗೆ, ಇಲ್ಲಿ ಅಧಿಕಾರಿಯ ಬಿಳಿಯ ಉಡುಗೆ. ಲೋಕವು ಎರಡು ಕಡೆಯೂ ಬಟ್ಟೆಯ ಬಣ್ಣವನ್ನು ನೋಡಿಯೇ ಒಳಗಿನದನ್ನು ಅಳೆಯಿತು. ಒಂದು ಕಡೆ ದ್ವೇಷ, ಇನ್ನೊಂದು ಕಡೆ ಮರುಕ. ರೀತಿ ಮಾತ್ರ ಒಂದೇ. ಸತ್ತವನು ಕೆಟ್ಟವನೇ ಇರಬಹುದು. ಆದರೆ ತನ್ನ ಉತ್ತರವನ್ನು ಹೇಳಿಕೊಳ್ಳಲು ಅವನು ಉಳಿದಿರಲಿಲ್ಲವೆಂಬುದು ಗುಂಪಿಗೆ ಹೊಳೆಯಲಿಲ್ಲ. ಈ ಮೊಕದ್ದಮೆಯಿಂದಲೇ ಭಾರತದಲ್ಲಿ ಜ್ಯೂರಿ ಪದ್ಧತಿ ಅಳಿಯಿತೆಂಬ ಮಾತು ಇಂದಿಗೂ ಬಳಕೆಯಲ್ಲಿದೆ. ವಸ್ತುತಃ 1958ರಲ್ಲಿ ಕಾನೂನು ಆಯೋಗದ 14ನೆಯ ವರದಿಯೇ ಆ ಪದ್ಧತಿಯನ್ನು ಬಿಡಬೇಕೆಂದು ಸೂಚಿಸಿತ್ತು. ಜನಾಭಿಪ್ರಾಯವು ತನ್ನ ಚರಿತ್ರೆಯನ್ನು ಹೇಳುವಾಗಲೂ ಹೀಗೆ ಎಡವುವುದುಂಟು.

ಹಾಗಾದರೆ ಜನರು ಮೌನವಾಗಿರಬೇಕೇ?

ಇಲ್ಲಿ ಒಂದು ಪೂರ್ವಪಕ್ಷ ಹುಟ್ಟುತ್ತದೆ. ನ್ಯಾಯಾಲಯಗಳೂ ತಪ್ಪುತ್ತವೆ, ಅಂದಮೇಲೆ ಜನರು ಬಾಯಿ ಮುಚ್ಚಿಕೊಂಡಿರಬೇಕೆಂಬುದು ಸರಿಯೇ? ಶೂದ್ರಕ ಕವಿಯ 'ಮೃಚ್ಛಕಟಿಕ' ನಾಟಕದ ಒಂಬತ್ತನೆಯ ಅಂಕವನ್ನು ಬಲ್ಲವರು ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾರರು. ವಸಂತಸೇನೆಯನ್ನು ಕೊಂದನೆಂಬ ಆರೋಪ ಹೊತ್ತ ಚಾರುದತ್ತನ ವಿರುದ್ಧ ಸಾಕ್ಷ್ಯಗಳೆಲ್ಲ ಒಂದೊಂದಾಗಿ ಕೂಡಿಬರುತ್ತವೆ. ಗೆಳೆಯನ ಕಂಕುಳಿನಿಂದ ಆಕೆಯ ಒಡವೆಗಳು ಜಾರಿ ಬೀಳುತ್ತವೆ. ಉದ್ಯಾನದಲ್ಲಿ ಒಬ್ಬ ಹೆಣ್ಣಿನ ಶವವೂ ಕಾಣುತ್ತದೆ. ಆ ಶವ ಯಾರದೆಂದು ಮಾತ್ರ ಯಾರೂ ನಿಶ್ಚಯಿಸಿಕೊಳ್ಳುವುದಿಲ್ಲ. ಅವನ ನಡತೆಯನ್ನು ಬಲ್ಲ ಊರಿನ ಜನ ಕಣ್ಣೀರಿಡುತ್ತಾರೆ. ಅವರ ಕಣ್ಣೀರೇ ನಿಜವಾಗುತ್ತದೆ.

ಇದಕ್ಕೆ ಸಮಾಧಾನವು ಇಷ್ಟೆ. ಜನರು ಪ್ರಶ್ನೆ ಕೇಳಬೇಕು, ತೀರ್ಪು ಹೇಳಬಾರದು. 'ಈ ಸಾಕ್ಷ್ಯವನ್ನು ಇನ್ನೊಮ್ಮೆ ನೋಡಿರಿ', 'ಈ ಶವ ಯಾರದು?', 'ಆ ಅಂಗಿ ಎಲ್ಲಿ?' ಎಂದು ಕೇಳುವ ಜನವಾಣಿ ನ್ಯಾಯಕ್ಕೆ ಊರುಗೋಲು. 'ಗಲ್ಲಿಗೇರಿಸಿರಿ' ಅಥವಾ 'ಬಿಟ್ಟುಬಿಡಿರಿ' ಎಂದು ಕೂಗುವ ಜನವಾಣಿ ನ್ಯಾಯದ ಕಾಲಿಗೆ ತೊಡಕು. ಲಿಂಡಿ ಚೇಂಬರ್ಲೇನಳನ್ನು ದೂಷಿಸಿದವರು ಮಾತ್ರವಲ್ಲದೆ, ಮರುವಿಚಾರಣೆಗಾಗಿ ಪಟ್ಟುಬಿಡದೆ ಶ್ರಮಿಸಿದ ನಾಗರಿಕರೂ ಅದೇ ದೇಶದ ಜನರೇ. ಮೊದಲಿನವರು ಉತ್ತರವನ್ನು ಹಿಡಿದುಕೊಂಡು ಹೊರಟಿದ್ದರು, ಎರಡನೆಯವರು ಪ್ರಶ್ನೆಯನ್ನು.

ನಮ್ಮ ದೇಶದ ಕಾನೂನು ಈ ವಿವೇಕವನ್ನು ಅಂಗೀಕರಿಸಿದೆ. ಅಪರಾಧವು ಸಿದ್ಧವಾಗುವವರೆಗೆ ಆಪಾದಿತನು ನಿರ್ದೋಷಿಯೆಂದೇ ಭಾವಿಸಬೇಕು. ಸಾಧಿಸುವ ಹೊಣೆ ಆರೋಪಿಸಿದವರದು. ಆಪಾದಿತನ ಒಳ್ಳೆಯ ನಡತೆಯನ್ನು ನ್ಯಾಯಾಲಯ ಕೇಳಬಹುದು. ಅವನು ಕೆಟ್ಟವನೆಂಬುದನ್ನೇ ಈ ಅಪರಾಧಕ್ಕೆ ಪುರಾವೆಯಾಗಿ ಒಡ್ಡುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ಈ ತತ್ತ್ವ, ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಅಧಿನಿಯಮದಲ್ಲಿಯೂ ಉಳಿದುಕೊಂಡಿದೆ. ವಿಚಾರಣೆಯಲ್ಲಿರುವ ಮೊಕದ್ದಮೆಗೆ ಪತ್ರಿಕೆಗಳೂ ದೂರದರ್ಶನವೂ ತೀರ್ಪು ಕೊಡಹೊರಡುವುದರ ಅಪಾಯವನ್ನು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಒಂದು ಕೊಲೆ ಮೊಕದ್ದಮೆಯ ತೀರ್ಪಿನಲ್ಲಿ ಎತ್ತಿ ತೋರಿಸಿದೆ.

ತರಗತಿಯೆಂಬ ನ್ಯಾಯಸ್ಥಾನ

ಕಾನೂನಿನಲ್ಲಿ ಬರೆದ ಮಾತ್ರಕ್ಕೆ ಇದು ಜನರ ಸ್ವಭಾವವಾಗದು. ಸ್ವಭಾವವು ರೂಪುಗೊಳ್ಳುವ ಎಡೆ ಪಾಠಶಾಲೆ. ತರಗತಿಯಲ್ಲಿ ಒಬ್ಬ ಹುಡುಗನ ಫೀಜಿನ ಹಣ ಕಾಣೆಯಾಯಿತೆಂದು ಭಾವಿಸೋಣ. ಹಿಂದಿನ ವರ್ಷ ಪೆನ್ಸಿಲು ಕದ್ದು ಸಿಕ್ಕಿಬಿದ್ದಿದ್ದ ಹುಡುಗನೊಬ್ಬ ಹಿಂದಿನ ಬೆಂಚಿನಲ್ಲಿದ್ದಾನೆ. ಅಧ್ಯಾಪಕರು ಕೇಳುವ ಮೊದಲೇ ನಲವತ್ತು ಕಣ್ಣುಗಳು ಅತ್ತ ತಿರುಗುತ್ತವೆ. "ಸರ್, ಅವನೇ ಇರಬೇಕು" ಎಂಬ ದನಿ ಏಳುತ್ತದೆ. ಹುಡುಗ ತಲೆ ತಗ್ಗಿಸುತ್ತಾನೆ. ತಗ್ಗಿದ ತಲೆಯೇ ತಪ್ಪೊಪ್ಪಿಗೆಯೆಂದು ತರಗತಿ ತಿಳಿಯುತ್ತದೆ. ಸಂಜೆ ಆ ಹಣ ಹಾಜರಿ ಪುಸ್ತಕದ ಹಾಳೆಗಳ ನಡುವೆ ದೊರೆತರೆ ಕಳೆದ ಹಣ ಬಂದಂತಾಯಿತು. ಆ ಹುಡುಗನ ಕಳೆದ ಮಾನ ಬಂದಿತೇ?

ಅಂಥ ಗಳಿಗೆಯಲ್ಲಿ ಅಧ್ಯಾಪಕರು ನಲವತ್ತು ಕಣ್ಣುಗಳ ಜೊತೆಗೆ ತಮ್ಮ ಎರಡನ್ನೂ ಸೇರಿಸದೆ, 'ಯಾರು ನೋಡಿದಿರಿ? ಏನನ್ನು ನೋಡಿದಿರಿ? ಹಣ ಕೊನೆಯದಾಗಿ ಎಲ್ಲಿತ್ತು?' ಎಂದು ಸಾವಧಾನದಿಂದ ಕೇಳಿ, ಆ ಹುಡುಗನಿಗೂ ಉತ್ತರ ಹೇಳಲು ಎಡೆಗೊಟ್ಟರೆ, ವಿಜ್ಞಾನೇಶ್ವರನು ವಿವರಿಸಿದ ನಾಲ್ಕು ಪಾದಗಳ ಪಾಠ ಗ್ರಂಥವಿಲ್ಲದೆಯೇ ನಡೆದಂತಾಯಿತು. ಆ ಕೋಣೆಯಲ್ಲಿ ಕುಳಿತ ಮಕ್ಕಳೇ ಮುಂದೆ ನ್ಯಾಯಾಧೀಶರೂ ಪತ್ರಕರ್ತರೂ ಪೊಲೀಸರೂ ಆಗುವವರು, ಉಳಿದವರೆಲ್ಲ ಜನಾಭಿಪ್ರಾಯವಾಗುವವರು. ಹಿಂದಿನ ಬೆಂಚಿನ ಹುಡುಗನೂ ಅವರಲ್ಲಿ ಒಬ್ಬನೇ. ತನ್ನ ಮಾತನ್ನು ಒಬ್ಬರಾದರೂ ಕೇಳಿದರೆಂಬ ನೆನಪು ಅವನಲ್ಲಿ ಉಳಿದರೆ, ಮುಂದೊಂದು ದಿನ ಇನ್ನೊಬ್ಬರ ಮೇಲೆ ಲೋಕ ಬೆರಳು ತೋರಿದಾಗ ಅವನು ತಡೆದು ಕೇಳಿಯಾನು.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬುದೂ ಕನ್ನಡಿಗರದೇ ಗಾದೆ. ಹೊಗೆಯ ಗಾದೆಯನ್ನು ಮಕ್ಕಳು ಯಾರೂ ಕಲಿಸದೆಯೇ ಕಲಿಯುತ್ತಾರೆ. ಈ ಎರಡನೆಯ ಗಾದೆಯನ್ನು ಕಲಿಸಬೇಕಾಗುತ್ತದೆ. ಪರ್ವತದ ಬುಡಕ್ಕೆ ನಡೆದು ಹೋಗಿ ನೋಡುವ ತನಕ ಅದು ಹೊಗೆಯೋ ಮಂಜೋ ಎಂದು ಹೇಳದೆ ಇರುವ ಸಂಯಮವೇ ವಿದ್ಯೆ. ಅದನ್ನು ಪಡೆದವರು ಒಂದು ಊರಿನಲ್ಲಿ ಕೆಲವರಿದ್ದರೂ ಆ ಊರಿನ ನಿರಪರಾಧಿಗೆ ಒಂದು ಆಸರೆ ಉಂಟು.